ಹೊಸ ಮತದಾರರನ್ನು ಮೊಬೈಲ್‌ನಲ್ಲಿ ತಲುಪುವ ಬಗೆ: ಅಭ್ಯರ್ಥಿಯ ತಂಡಕ್ಕೊಂದು ಕೈಪಿಡಿ

ವಿಧಾನಸಭಾ ಕ್ಷೇತ್ರವೊಂದರಲ್ಲಿ ಅಭ್ಯರ್ಥಿಯ ಸಾಮಾಜಿಕ ಜಾಲತಾಣದ ಹೊಣೆ ಹೊತ್ತವರು ಸಾಮಾನ್ಯವಾಗಿ ಮೊದಲು ಕ್ಯಾಮೆರಾ ತರುತ್ತಾರೆ, ಹಾಡು ಬರೆಸುತ್ತಾರೆ, ರೀಲ್ಸ್ ಮಾಡುವ ಹುಡುಗರನ್ನು ಗೊತ್ತುಮಾಡುತ್ತಾರೆ. ಹೊಸ ಮತದಾರರ ಮಟ್ಟಿಗೆ ಈ ಕ್ರಮವೇ ತಲೆಕೆಳಗು. ಪಟ್ಟಿಯಲ್ಲಿ ಹೆಸರೇ ಇಲ್ಲದವರು ವಿಡಿಯೊವನ್ನು ಎಷ್ಟು ಬಾರಿ ನೋಡಿದರೂ ಅದರಿಂದ ಒಂದು ಮತವೂ ಹುಟ್ಟುವುದಿಲ್ಲ.

ಆದ್ದರಿಂದ ಕೆಲಸ ನೋಂದಣಿಯಿಂದ ಆರಂಭವಾಗಲಿ. ಮೊದಲು ಜನವರಿ 1 ಒಂದೇ ಅರ್ಹತಾ ದಿನಾಂಕವಾಗಿತ್ತು, ಎಂದರೆ ಅಂದಿಗೆ 18 ತುಂಬಿದವರಷ್ಟೇ ಆ ವರ್ಷ ಮತದಾರರ ಪಟ್ಟಿಗೆ ಸೇರಬಹುದಿತ್ತು. 2022ರಿಂದ ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1 ಕೂಡ ಸೇರಿವೆ, ಅಲ್ಲದೆ 17 ತುಂಬಿದವರು ನಮೂನೆ 6ರಲ್ಲಿ (ಹೊಸ ಹೆಸರು ಸೇರಿಸುವ ಅರ್ಜಿ) ಮುಂಗಡವಾಗಿಯೇ ಅರ್ಜಿ ಹಾಕಬಹುದು. ಈ ಪ್ರತಿಯೊಂದು ದಿನಾಂಕಕ್ಕೂ ಒಂದು ತಿಂಗಳು ಮೊದಲು, ಅರ್ಜಿ ತುಂಬುವ ಬಗೆಯನ್ನು ಮೊಬೈಲ್ ಪರದೆಯ ಮೇಲೆಯೇ ತೋರಿಸುವ ಒಂದು ನಿಮಿಷದ ವಿಡಿಯೊ ಹಾಕಬೇಕು; ಅದರಲ್ಲಿ ಪಕ್ಷದ ಚಿಹ್ನೆ ಮೂಲೆಯಲ್ಲಿ ಚಿಕ್ಕದಾಗಿದ್ದರೆ ಸಾಕು, ಘೋಷಣೆಗಳೇನೂ ಬೇಕಿಲ್ಲ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಪಟ್ಟಿಗೆ ಹೊಸ ಹೆಸರು ಸೇರುವುದಿಲ್ಲ. ಅರ್ಜಿಯ ಪರಿಶೀಲನೆಗೂ ಕೆಲವು ದಿನ ಹಿಡಿಯುವುದರಿಂದ, ಚುನಾವಣೆ ಘೋಷಣೆಯಾಗಲಿ ಎಂದು ಕಾಯುವ ತಂಡ ಆಗಲೇ ತಡಮಾಡಿದಂತೆ.

ವೇದಿಕೆಯ ಆಯ್ಕೆಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದ ಮೇಲೆ ಕಿರಿಯರು ಇನ್‌ಸ್ಟಾಗ್ರಾಮ್ ರೀಲ್ಸ್ ಮತ್ತು ಯೂಟ್ಯೂಬ್ ಶಾರ್ಟ್ಸ್‌ನಲ್ಲಿದ್ದಾರೆ. ಫೇಸ್‌ಬುಕ್ ಅವರ ತಂದೆತಾಯಿಯರಿಗಿರಲಿ. ವಾಟ್ಸ್‌ಆ್ಯಪ್‌ನ ಬಗೆ ಬೇರೆ. ಅದು ಅಪರಿಚಿತರನ್ನು ಹುಡುಕುವ ಸಾಧನವಲ್ಲ, ಪರಿಚಯವಾದವರನ್ನು ಹಿಡಿದಿಟ್ಟುಕೊಳ್ಳುವ ಸಾಧನ. ಹಲವು ಬಾರಿ ಫಾರ್ವರ್ಡ್ ಆದ ಸಂದೇಶವನ್ನು 2020ರಿಂದ ಒಮ್ಮೆಗೆ ಒಂದೇ ಚಾಟ್‌ಗೆ ಕಳುಹಿಸಬಹುದಾದ್ದರಿಂದ, ಕ್ಷೇತ್ರಕ್ಕೆಲ್ಲ ಒಂದೇ ಪೋಸ್ಟರ್ ಹರಿಯಬಿಡುವುದಕ್ಕಿಂತ ಬೂತಿಗೊಂದು ಗ್ರೂಪ್ ಮಾಡಿ, ಅದೇ ಬೀದಿಯ ಯುವಕನೋ ಯುವತಿಯೋ ತಮ್ಮ ಮಾತಿನಲ್ಲಿ ಬರೆಯುವಂತೆ ನೋಡಿಕೊಳ್ಳುವುದು ಲೇಸು. ನಂಬರುಗಳನ್ನು ಕೊಂಡು ತಂದು ಕೇಳದೆ ಸೇರಿಸಿದರೆ ಜನ ಅರ್ಧ ದಿನದಲ್ಲಿ ಹೊರನಡೆಯುತ್ತಾರೆ. 2014ರ ನವೆಂಬರ್‌ನಲ್ಲಿ ಆರಂಭವಾದ ಬಿಜೆಪಿ ಸದಸ್ಯತ್ವ ಅಭಿಯಾನದ ಮಿಸ್ಡ್ ಕಾಲ್ ವಿಧಾನದಲ್ಲಿದ್ದ ಜಾಣ್ಮೆ ಇಲ್ಲಿಯೇ: ಆಸಕ್ತಿಯಿದ್ದವರು ತಾವಾಗಿಯೇ ನಂಬರು ಕೊಟ್ಟರು.

ವಿಷಯದ ಮಾತಿಗೆ ಬಂದರೆ, 2022ರ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ ಬೆಂಗಳೂರಿನ ಗೋಡೆಗಳಿಗೆ ಅಂಟಿಸಿದ ‘ಪೇಸಿಎಂ’ ಪೋಸ್ಟರನ್ನು ಗಮನಿಸಬೇಕು. ಅದರಲ್ಲಿದ್ದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆಗಿನ ಬಿಜೆಪಿ ಸರ್ಕಾರದ ಮೇಲಿನ ಶೇ 40 ಕಮಿಷನ್ ಆರೋಪದ ಜಾಲತಾಣ ತೆರೆಯುತ್ತಿತ್ತು. ಆರೋಪದ ಸತ್ಯಾಸತ್ಯತೆ ಬೇರೆ ಮಾತು; ಕೋಡ್ ಸ್ಕ್ಯಾನ್ ಮಾಡಿ ಹಣ ಕೊಡುವ, ಚಹಾದಂಗಡಿಯಲ್ಲಿ ದಿನವೂ ಮಾಡುವ ಕೆಲಸವನ್ನೇ ಪ್ರಚಾರವಾಗಿಸಿದ್ದು ಅದರ ಬಲ. ಮಾತಿನ ಧಾಟಿಯೂ ಹಾಗೆಯೇ ಬಳಕೆಯದಾಗಿರಬೇಕು. ಮಂಗಳೂರಿನ ಕಾಲೇಜು ಹುಡುಗಿಗೂ ಕಲಬುರಗಿಯ ಐಟಿಐ ಹುಡುಗನಿಗೂ ಒಂದೇ ಚಿತ್ರಕಥೆ ಓದಿಸಿದರೆ ಇಬ್ಬರಿಗೂ ಅದು ಪರಕೀಯ. ಊರಿನಲ್ಲಿ ಮತವಿದ್ದು ಬೆಂಗಳೂರಿನ ಪಿಜಿಯಲ್ಲಿರುವವರಿಗೆ ಭಾಷಣದ ತುಣುಕಿಗಿಂತ, ಮತದಾನದ ಹಿಂದಿನ ರಾತ್ರಿಯ ಬಸ್ಸಿನ ವೇಳೆ ತಿಳಿಸುವ ಸಂದೇಶವೇ ಉಪಯುಕ್ತ.

ಹಣ ಕೊಟ್ಟು ಹಾಕುವ ಜಾಹೀರಾತಿನಲ್ಲಿ ಎಚ್ಚರ ಬೇಕು. ಚುನಾವಣಾ ಆಯೋಗದ 2013ರ ಸೂಚನೆಯಂತೆ ಅಭ್ಯರ್ಥಿ ತನ್ನ ಖಾತೆಗಳ ವಿವರವನ್ನು ನಾಮಪತ್ರದೊಂದಿಗೆ ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರದಲ್ಲಿ ಕೊಡಬೇಕು, ಜಾಹೀರಾತಿಗೆ ಎಂಸಿಎಂಸಿಯ (ಮಾಧ್ಯಮ ಪ್ರಮಾಣೀಕರಣ ಮತ್ತು ಮೇಲ್ವಿಚಾರಣಾ ಸಮಿತಿ) ಪೂರ್ವಾನುಮತಿ ಪಡೆಯಬೇಕು. ಅದರ ವೆಚ್ಚ, ವಿಡಿಯೊ ತಯಾರಿಸಿದವರ ಸಂಬಳವೂ ಸೇರಿದಂತೆ, ಚುನಾವಣಾ ವೆಚ್ಚದ ಲೆಕ್ಕಕ್ಕೆ ಬರುತ್ತದೆ. 2022ರಲ್ಲಿ ನಿಗದಿಯಾದಂತೆ ಕರ್ನಾಟಕದಲ್ಲಿ ವಿಧಾನಸಭಾ ಅಭ್ಯರ್ಥಿಯ ಮಿತಿ 40 ಲಕ್ಷ ರೂಪಾಯಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಜಾಹೀರಾತುಗಳನ್ನು ಯಾರು ಬೇಕಾದರೂ ನೋಡಬಹುದಾದ ಮೆಟಾದ ಆ್ಯಡ್ ಲೈಬ್ರರಿಯಲ್ಲಿ ಎದುರಾಳಿಯೂ ನಿಮ್ಮ ಜಾಹೀರಾತನ್ನು ನೋಡಬಲ್ಲ (ನೀವೂ ಅವರದನ್ನು ನೋಡಿ). ಡೀಪ್‌ಫೇಕ್ (ಕೃತಕ ಬುದ್ಧಿಮತ್ತೆಯಿಂದ ಮಾಡಿದ ನಕಲಿ) ವಿಡಿಯೊ ಗಮನಕ್ಕೆ ಬಂದ ಮೂರು ಗಂಟೆಯೊಳಗೆ ತೆಗೆಯಬೇಕೆಂದು ಆಯೋಗ 2024ರ ಮೇ ತಿಂಗಳಲ್ಲಿ ಪಕ್ಷಗಳಿಗೆ ತಿಳಿಸಿತ್ತು. ಆದ್ದರಿಂದ ಖಾತೆಯ ಪಾಸ್‌ವರ್ಡ್ ಇರುವವರೊಬ್ಬರು ರಾತ್ರಿಯೂ ಎಚ್ಚರವಿರಲಿ.

ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮುಂಚೆ ಬಹಿರಂಗ ಪ್ರಚಾರ ನಿಲ್ಲಬೇಕು, ಜಾಲತಾಣದ ಪ್ರಚಾರವೂ ಅದರೊಂದಿಗೆ. ಮನೆಮನೆಗೆ ಹೋಗಿ ಮಾತನಾಡುವುದಕ್ಕೆ ಮಾತ್ರ ಆಗಲೂ ಅಡ್ಡಿಯಿಲ್ಲ. ಯಾವ ಮನೆಯಲ್ಲಿ ಹೊಸ ಮತದಾರರಿದ್ದಾರೆ, ಮತದಾರರ ಪಟ್ಟಿಯಲ್ಲಿ ಅವರ ಭಾಗ ಸಂಖ್ಯೆ ಯಾವುದು ಎಂಬ ಪಟ್ಟಿ ಆ ಹೊತ್ತಿಗೆ ಬೂತ್ ಕಾರ್ಯಕರ್ತರ ಕೈ ಸೇರಿರಬೇಕು.