ವಿದ್ಯಾರ್ಥಿಗಳ ಪ್ರತಿಭಟನೆ ಕೇಸು, ನಾನು ತನಿಖೆ ಮಾಡಿದ್ದು ಹಿಂಗೆ

ದಾವಣಗೆರೆಲಿ ಪಿಎಸ್‌ಐ ಆಗಿ ಡ್ಯೂಟಿ ಮಾಡಿದವರಿಗೆ ಜಯದೇವ ಸರ್ಕಲ್ ಬಗ್ಗೆ ಹೇಳೋದೇ ಬೇಡ. ಸ್ಕಾಲರ್‌ಶಿಪ್ ಬಂದಿಲ್ಲ, ಬಸ್ ಪಾಸ್ ಕೊಟ್ಟಿಲ್ಲ, ಹಾಸ್ಟೆಲ್ ಊಟ ಸರಿ ಇಲ್ಲ, ಏನೇ ಇದ್ರೂ ಹುಡುಗ್ರು ಅಲ್ಲೇ ಸೇರೋದು. ಬಹಳ ಸಲ ಘೋಷಣೆ ಕೂಗಿ, ಮನವಿ ಕೊಟ್ಟು, ಮಂಡಕ್ಕಿ ಮಿರ್ಚಿ ತಿಂದು ಮನೆಗೆ ಹೋಗ್ತಾರೆ. ನಾನು ಹೇಳ್ತಿರೋದು ಕಲ್ಲು ಬಿದ್ದ ಒಂದು ಕೇಸಿನ ಬಗ್ಗೆ.

ಬಸ್ಸಿನ ಮುಂದಿನ ಗ್ಲಾಸ್ ಹೋಗಿತ್ತು, ನಮ್ಮ ಕಾನ್‌ಸ್ಟೇಬಲ್ ಒಬ್ಬರ ಕೈಗೂ ಏಟು ಬಿದ್ದಿತ್ತು. ಸಂಜೆ ಅಷ್ಟೊತ್ತಿಗೆ ಎಫ್‌ಐಆರ್ ರೆಡಿ, ಒಂದೆರಡು ಹೆಸರು, ಆಮೇಲೆ "ಮತ್ತು ಇತರೆ 40-50 ಜನ". ತಾಪತ್ರಯ ಶುರುವಾಗೋದೇ ಇಲ್ಲಿ, ಯಾಕಂದ್ರೆ ಆ ಇತರೆ ಒಳಗೆ ಯಾವಾಗ ಬೇಕಾದ್ರೂ ಯಾರನ್ನ ಬೇಕಾದ್ರೂ ಸೇರಿಸಬಹುದು, ಐಪಿಸಿ 149 (ಈಗ ಭಾರತೀಯ ನ್ಯಾಯ ಸಂಹಿತೆ, ಅಂದ್ರೆ ಬಿಎನ್‌ಎಸ್ 190) ಹಾಕಿದ್ರೆ ಗುಂಪಲ್ಲಿ ಸುಮ್ನೆ ನಿಂತವನನ್ನೂ ಕಲ್ಲು ಹೊಡೆದವನ ಜೊತೆಗೇ ಕಟ್ಟಬಹುದು.

ನಾನು ಒಂದು ನೋಟ್‌ಬುಕ್ಕಲ್ಲಿ ಗೆರೆ ಎಳೆದು ಬರ್ಕೊಂಡೆ: ಹೆಸರು, ಅವನು ಏನ್ ಮಾಡ್ದ, ಯಾವ ವಿಡಿಯೋ ಎಷ್ಟನೇ ನಿಮಿಷ, ನೋಡಿದವರು ಯಾರು. ಏನ್ ಮಾಡ್ದ ಅನ್ನೋ ಕಾಲಂ ಖಾಲಿ ಇದ್ರೆ ಅವನು ಆರೋಪಿ ಅಲ್ಲ, ಅಷ್ಟೇ. ನೀಲಿ ಬ್ಯಾಗಿನ ಹುಡುಗ ಒಬ್ಬ, ಮೊಬೈಲ್ ವಿಡಿಯೋದಲ್ಲಿ ಕೈ ಮೇಲೆತ್ತಿದಾನೆ, ಸ್ಟೇಷನ್ನಲ್ಲಿ ಎಲ್ರೂ ಇವನೇ ಸಾರ್ ಅಂದ್ರು. ಎದುರಿನ ಅಂಗಡಿ ಸಿಸಿಟಿವಿ ತರಿಸಿ ನಿಧಾನಕ್ಕೆ ಓಡಿಸಿ ನೋಡಿದ್ರೆ ಅವನು ಪಕ್ಕದವನ ಕಾಲರ್ ಹಿಡಿದು ಹಿಂದಕ್ಕೆ ಎಳೀತಿದಾನೆ! ಅವನು ಕೊನೆಗೆ ನಮ್ಮ ಸಾಕ್ಷಿ ಆದ. ಅಂಗಡಿ ಡಿವಿಆರ್ ಮೇಲೆ ಹೊಸ ರೆಕಾರ್ಡಿಂಗ್ ಕೂತು ಹಳೇದು ಅಳಿಸಿಹೋಗುತ್ತೆ, ಅದಕ್ಕೇ ಅವತ್ತು ರಾತ್ರಿನೇ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಕೋರ್ಟಲ್ಲಿ ಬೇಕಾಗೋ 65ಬಿ ಸರ್ಟಿಫಿಕೇಟ್ ಸಮೇತ ತಗೊಂಡಿದ್ದೆ (ಈಗ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63).

ಹುಡುಗ್ರ ಫೋನುಗಳನ್ನೆಲ್ಲ ಕಿತ್ಕೊಂಡು ಟೇಬಲ್ ಮೇಲೆ ಗುಡ್ಡೆ ಹಾಕಿದ್ರು ನಮ್ಮವರು. ಕೇಸಿಗೆ ಬೇಕಾದ ಫೋನಿಗೆ ಮಹಜರ್ ಮಾಡಿ, ಉಳಿದವು ವಾಪಸ್ ಕೊಡಿಸಿದೆ. ಲಾಕ್ ತೆಗೆಸಿ ವಾಟ್ಸಾಪ್ ಓದ್ತಾ ಕೂರೋದು ತನಿಖೆ ಅಲ್ಲ ರೀ, ಕುತೂಹಲ ಅದು.

ವಯಸ್ಸು ಬಾಯಿಮಾತಲ್ಲಿ ಕೇಳಬಾರದು, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ನೋಡಬೇಕು. ಪಿಯು ಹುಡುಗ್ರಲ್ಲಿ ಬಹಳ ಜನ 18 ತುಂಬದವರು, ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಅವರನ್ನ ಲಾಕಪ್ಪಿಗೆ ಹಾಕೋ ಹಂಗೇ ಇಲ್ಲ. ಹೆಣ್ಮಕ್ಕಳ ಸಾಕ್ಷಿ ಹೇಳಿಕೆಗೆ ನಾವೇ ಮಹಿಳಾ ಸಿಬ್ಬಂದಿ ಕರ್ಕೊಂಡು ಮನೆಗೆ ಹೋದ್ವಿ. 18 ತುಂಬಿದ ಆರೋಪಿಗಳಿಗೆ ಸಿಆರ್‌ಪಿಸಿ 41ಎ ನೋಟಿಸ್, ಅಂದ್ರೆ ಅರೆಸ್ಟ್ ಮಾಡದೆ ವಿಚಾರಣೆಗೆ ಬಾ ಅಂತ ಕರೆಯೋದು; 2024ರ ಜುಲೈ 1ರಿಂದ ಅದೇ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) 35(3). ಏಳು ವರ್ಷದೊಳಗಿನ ಶಿಕ್ಷೆಯ ಕೇಸಿಗೆ, ನಾಳೆ ಪರೀಕ್ಷೆ ಬರೆಯೋ ಹುಡುಗನ್ನ ಅರೆಸ್ಟ್ ಮಾಡೋ ಅರ್ಜೆಂಟ್ ಏನಿರುತ್ತೆ?

ಇನ್ನೊಂದು ಕೆಟ್ಟ ಚಾಳಿ ನಮ್ಮಲ್ಲಿ. "ಫ್ರೆಂಡ್ಸ್ ಹೆಸರು ಹೇಳು, ಇಲ್ಲಾಂದ್ರೆ ಸರ್ಕಾರಿ ನೌಕರಿ ಸಿಗದಂಗೆ ಮಾಡ್ತೀನಿ" ಅನ್ನೋದು. ಹಳ್ಳಿಯಿಂದ ಬಂದ ಹುಡುಗ ಅದಕ್ಕೆ ಹೆದರಿ ಬಾಯಿಗೆ ಬಂದ ಹೆಸರು ಹೇಳ್ತಾನೆ, ನಾವು ಬರ್ಕೋತೀವಿ. ಆ ಮಾತು ಆಡಬೇಡ್ರಿ ಅಂತ ಸಿಬ್ಬಂದಿಗೆ ಖಡಕ್ಕಾಗಿ ಹೇಳಿದ್ದೆ. ತನಿಖೆಲಿ ನಾವು ಬರ್ಕೊಳ್ಳೋ ಸಿಆರ್‌ಪಿಸಿ 161 (ಈಗ ಬಿಎನ್‌ಎಸ್‌ಎಸ್ 180) ಹೇಳಿಕೆಗೆ ಸಹಿ ಹಾಕಿಸೋದೂ ಇಲ್ಲ, ಖಾಲಿ ಹಾಳೆ ಮೇಲಂತೂ ಕೇಳಲೇಬೇಡಿ.

ಚಾರ್ಜ್‌ಶೀಟಲ್ಲಿ ಉಳಿದದ್ದು ಮೂರೇ ಹೆಸರು. ಮೇಲಿನವರೊಬ್ಬರು "ಇಷ್ಟೇನಾ?" ಅಂದ್ರು, ನೋಟ್‌ಬುಕ್ ಮುಂದಿಟ್ಟೆ, ಪುಟ ತಿರುವಿ ನೋಡಿ ಸರಿ ಕಳಿಸು ಅಂದ್ರು.