ಅಕ್ಕಚ್ಚಿನಂತಿದ್ದ ಪೂಲ್ ನೀರು ತಿಳಿಯಾಗಿದ್ದು ಹೀಗೆ

ಮೂಡಿಗೆರೆ ಕಡೆ ಕಾಫಿ ತೋಟದ ನಡುವೆ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಮನೆಯ ಹಿಂದೆ ಒಂದು ಪೂಲ್. 10 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳ. ಗುಣಿಸಿದರೆ 70 ಘನ ಮೀಟರ್, ಅಂದರೆ 70 ಸಾವಿರ ಲೀಟರ್ ನೀರು. ಈ ಲೆಕ್ಕವನ್ನು ಮೋಟರ್ ರೂಮಿನ ಗೋಡೆ ಮೇಲೆ ದೊಡ್ಡದಾಗಿ ಬರೆದಿಟ್ಟಿದ್ದೇನೆ. ಯಾವ ಔಷಧಿ ಎಷ್ಟು ಹಾಕಬೇಕು ಅನ್ನುವುದೆಲ್ಲ ಅಲ್ಲಿಂದಲೇ ಶುರು.

2024ರ ಜುಲೈ ಮಳೆ ಮಲೆನಾಡಿನವರಿಗೆ ನೆನಪಿರುತ್ತದೆ. ಕರೆಂಟ್ ಹೋದರೆ ಮೂರು ದಿನ, ನಾಲ್ಕು ದಿನ ಬರುತ್ತಿರಲಿಲ್ಲ. ಅತಿಥಿಗಳೂ ಇರಲಿಲ್ಲ. ಪೂಲ್ ಕಡೆ ಯಾರೂ ತಿರುಗಿ ನೋಡಲಿಲ್ಲ. ಸಿಲ್ವರ್ ಓಕ್ ಎಲೆ ಬಿದ್ದು ತಳದಲ್ಲಿ ಕೊಳೆಯಿತು. ಸೆಪ್ಟೆಂಬರ್‌ನಲ್ಲಿ ಒಂದು ವಾರ ಒಳ್ಳೆ ಬಿಸಿಲು ಬಂತು ನೋಡಿ, ಅಷ್ಟು ಸಾಕಾಯಿತು. ನೀರು ಕೆರೆ ನೀರಿನಷ್ಟು ಹಸಿರಾಯಿತು. ದಸರಾ ರಜೆಗೆ ಮೂರು ಕುಟುಂಬಗಳು ಮುಂಚೆಯೇ ರೂಮ್ ಬುಕ್ ಮಾಡಿದ್ದವು.

ಹಿಂದಿನ ವರ್ಷಗಳಲ್ಲಿ ಪೂಲ್ ಕೆಲಸಕ್ಕೆ ಹೊರಗಿನಿಂದ ಒಬ್ಬರು ಬರುತ್ತಿದ್ದರು. ಅವರು ಬರುವುದು ನಿಂತಿತ್ತು. ಈ ಸಲ ನಾನು ಮತ್ತು ನಮ್ಮ ತೋಟದ ಹುಡುಗ, ಇಬ್ಬರೇ ಮಾಡಬೇಕಾಯಿತು.

ಮೊದಲು ನೀರು ಪರೀಕ್ಷೆ ಮಾಡಿದೆ. ಪಿಎಚ್ 7.8. ಕ್ಲೋರಿನ್ ಸೊನ್ನೆ. ಆಲ್ಕಲಿನಿಟಿ, ಅಂದರೆ ಪಿಎಚ್ ಏರುಪೇರಾಗದಂತೆ ಹಿಡಿದಿಡುವ ಕ್ಷಾರದ ಅಂಶ, 40 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ 40 ಭಾಗ), ಇರಬೇಕಾದದ್ದು 80ರಿಂದ 120. ಕ್ಲೋರಿನ್ನನ್ನು ಬಿಸಿಲಿನಿಂದ ಕಾಯುವ ಸ್ಟೆಬಿಲೈಸರ್, ಅಂದರೆ ಸಯನ್ಯೂರಿಕ್ ಆಸಿಡ್, 30ಕ್ಕಿಂತ ಕಡಿಮೆ. ಇದನ್ನು ನೋಡಿದಾಗ ಏನಾಗಿದೆ ಎಂದು ಅರ್ಥವಾಯಿತು. ಎರಡು ತಿಂಗಳು ಪೂಲ್ ತುಂಬಿ ಹರಿದಿತ್ತು. ಒಳಗಿದ್ದ ನೀರು ಬಹುಪಾಲು ಹೋಗಿ ಮಳೆ ನೀರೇ ನಿಂತಿತ್ತು. ಮಳೆ ನೀರಿನಲ್ಲಿ ಇವು ಯಾವುವೂ ಇರುವುದಿಲ್ಲ. ಸ್ಟೆಬಿಲೈಸರ್ ಇಲ್ಲದ ನೀರಿನಲ್ಲಿ ಬಿಸಿಲಿಗೆ ಒಂದು ಗಂಟೆಯೊಳಗೆ ಅರ್ಧ ಕ್ಲೋರಿನ್ ಹಾರಿಹೋಗುತ್ತದೆ. ಪಾಚಿಗೆ ಇನ್ನೇನು ಬೇಕು?

ಬೆಂಗಳೂರಿನ ಅಪಾರ್ಟ್‌ಮೆಂಟ್ ಪೂಲ್‌ಗಳಲ್ಲಿ ಇದಕ್ಕೆ ಉಲ್ಟಾ ಇರುವುದು ಜಾಸ್ತಿ. ಅಲ್ಲಿ ವರ್ಷವಿಡೀ ಕ್ಲೋರಿನ್ ಬಿಲ್ಲೆ ಹಾಕುತ್ತಾರೆ. ಬಿಲ್ಲೆಯಲ್ಲೇ ಸ್ಟೆಬಿಲೈಸರ್ ಇರುತ್ತದೆ, ಅದು ನೀರಿನಲ್ಲಿ ಕೂಡುತ್ತಲೇ ಹೋಗುತ್ತದೆ. 100 ದಾಟಿದರೆ ಮಾಮೂಲಿ ಪ್ರಮಾಣದ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಅರ್ಧ ನೀರು ಹೊರಗೆ ಬಿಟ್ಟು ಹೊಸ ನೀರು ತುಂಬುವುದೊಂದೇ ದಾರಿ. ನಿಮ್ಮದು ಯಾವ ತರದ ನೀರು ಅಂತ ತಿಳಿಯದೆ ಬೇರೆಯವರ ಲೆಕ್ಕ ಹಿಡಿದು ಔಷಧಿ ಸುರಿಯಬೇಡಿ.

ನಾವು ಒಂದಿಡೀ ದಿನ ಬಲೆ ಹಾಕಿ ಎಲೆ ತೆಗೆದೆವು. ತಳ ಕಾಣದ ನೀರಿನಲ್ಲಿ ಅಂದಾಜಿಗೆ ಎಳೆಯಬೇಕು. ಆದರೂ ಇದನ್ನು ಬಿಡುವ ಹಾಗಿಲ್ಲ, ಎಲೆ ಒಳಗಿದ್ದರೆ ಹಾಕಿದ ಕ್ಲೋರಿನ್ನನ್ನೆಲ್ಲ ಅದೇ ತಿನ್ನುತ್ತದೆ. ಆಮೇಲೆ ಗೋಡೆ, ಮೆಟ್ಟಿಲು, ಮೂಲೆ, ಏಣಿಯ ಹಿಂದೆ ಎಲ್ಲ ಕಡೆ ಬ್ರಷ್ ಹಾಕಿದೆವು. ಸ್ವಲ್ಪ ಆಸಿಡ್ ಹಾಕಿ ಪಿಎಚ್ 7.2ಕ್ಕೆ ಇಳಿಸಿದೆವು. ಪಿಎಚ್ ಇಳಿದಷ್ಟೂ ಕ್ಲೋರಿನ್ ಚುರುಕು.

ಕ್ಲೋರಿನ್‌ಗೆ ಬ್ಲೀಚಿಂಗ್ ಪೌಡರ್ ಬೇಡ ಎಂದು ಮೊದಲೇ ತೀರ್ಮಾನ ಮಾಡಿದ್ದೆ. ಅದರಲ್ಲಿ ಸುಣ್ಣದ ಅಂಶ ಜಾಸ್ತಿ, ಕರಗದೆ ನೀರನ್ನು ಇನ್ನಷ್ಟು ಬಗ್ಗಡ ಮಾಡುತ್ತದೆ. ದ್ರವ ರೂಪದ ಕ್ಲೋರಿನ್, ಅಂದರೆ ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ತಂದೆವು, 10 ಪರ್ಸೆಂಟಿನದು. ಈ ಸ್ಟೆಬಿಲೈಸರ್ ಮಟ್ಟಕ್ಕೆ 12 ಪಿಪಿಎಂ ಕ್ಲೋರಿನ್ ನಿಲ್ಲಿಸಬೇಕಿತ್ತು. ನಮ್ಮ ನೀರಿಗೆ ಒಂದು ಪಿಪಿಎಂ ಅಂದರೆ 70 ಗ್ರಾಂ ಕ್ಲೋರಿನ್, ಅಂದರೆ 700 ಮಿಲಿ ಹೈಪೋ. 12ಕ್ಕೆ ಸುಮಾರು ಎಂಟೂವರೆ ಲೀಟರ್. ಹಳೇ ಸ್ಟಾಕ್ ಆದರೆ ಹೈಪೋ ಶಕ್ತಿ ಕಳೆದುಕೊಂಡಿರುತ್ತದೆ, ಹಾಗಾಗಿ ಹೊಸ ಕ್ಯಾನನ್ನೇ ಕೇಳಿ ತನ್ನಿ. ಸೂರ್ಯ ಮುಳುಗಿದ ಮೇಲೆ, ಮೋಟರ್ ಓಡುತ್ತಿರುವಾಗ, ನೀರು ಒಳಬರುವ ಬಾಯಿಯ ಹತ್ತಿರ ನಿಧಾನವಾಗಿ ಸುರಿದೆವು.

ಇಲ್ಲೊಂದು ಮಾತು ಹೇಳಲೇಬೇಕು. ಆಸಿಡ್ ಮತ್ತು ಹೈಪೋ ಒಂದೇ ಬಕೆಟ್ಟಿಗೆ, ಒಂದೇ ಮಗ್ಗಿಗೆ ಬರಕೂಡದು. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಜೀವಕ್ಕೇ ಅಪಾಯ. ಬಿಲ್ಲೆಯ ಡಬ್ಬಕ್ಕೆ ಬ್ಲೀಚಿಂಗ್ ಪೌಡರ್ ಬೆರೆತರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ನಾವು ಆಸಿಡ್ಡನ್ನು ಒಂದು ಶೆಡ್ಡಿನಲ್ಲಿ, ಕ್ಲೋರಿನ್ನನ್ನು ಇನ್ನೊಂದು ಶೆಡ್ಡಿನಲ್ಲಿ ಇಟ್ಟಿದ್ದೇವೆ.

ಬೆಳಿಗ್ಗೆ ಹುಡುಗ ಟೆಸ್ಟ್ ಮಾಡಿ ಓಡಿ ಬಂದ. "ಅಕ್ಕ, ಕ್ಲೋರಿನ್ ಏನೂ ತೋರಿಸ್ತಿಲ್ಲ, ಸೊನ್ನೆ."

ಸೊನ್ನೆ ಬರುವುದಕ್ಕೆ ಎರಡು ಕಾರಣ ಇರಬಹುದು. ನಿಜವಾಗಿಯೂ ಖಾಲಿಯಾಗಿರಬಹುದು. ಇಲ್ಲವೇ ಕ್ಲೋರಿನ್ ಬಹಳ ಜಾಸ್ತಿಯಾಗಿ, ಗುಲಾಬಿ ಬಣ್ಣ ಬರಬೇಕಾದ ಪರೀಕ್ಷೆಯ ಮಾತ್ರೆಯ ಬಣ್ಣವನ್ನೇ ಅದು ತೆಗೆದುಬಿಟ್ಟಿರಬಹುದು. ಇದು ಗೊತ್ತಾಗಲು ಒಂದು ಲೋಟ ಪೂಲ್ ನೀರಿಗೆ ನಾಲ್ಕು ಲೋಟ ನಮ್ಮ ಬಾವಿ ನೀರು ಬೆರೆಸಿ ಪರೀಕ್ಷೆ ಮಾಡಿ, ಬಂದದ್ದನ್ನು ಐದರಿಂದ ಗುಣಿಸುತ್ತೇನೆ. ಅವತ್ತು ನಿಜವಾಗಿಯೂ ಸೊನ್ನೆಯೇ. ರಾತ್ರಿಯಿಡೀ ಪಾಚಿ ಅಷ್ಟೂ ಕ್ಲೋರಿನ್ನನ್ನು ತಿಂದು ಮುಗಿಸಿತ್ತು. ಮತ್ತೆ ಹಾಕಿದೆವು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಿ ನೋಡಿ 12ಕ್ಕೆ ಏರಿಸಿದೆವು. ದಿನಕ್ಕೊಮ್ಮೆ ಬ್ರಷ್. ಮೂರನೇ ದಿನ ಹಸಿರು ಕಡಿಮೆಯಾಯಿತು. ನಾಲ್ಕನೇ ದಿನ ನೀರು ಅಕ್ಕಚ್ಚಿನ ಹಾಗೆ ಬೆಳ್ಳಗಾಗಿತ್ತು.

ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ಬಣ್ಣ ಹೋಯಿತಲ್ಲ, ಪಾಚಿ ಸತ್ತಿತು ಅಂದುಕೊಳ್ಳುತ್ತಾರೆ. ಎಲ್ಲ ಸತ್ತಿರುವುದಿಲ್ಲ. ಗೊತ್ತು ಮಾಡಿಕೊಳ್ಳುವುದು ಹೀಗೆ: ಕತ್ತಲಾದ ಮೇಲೆ ಕ್ಲೋರಿನ್ ನೋಡಿ ಬರೆದಿಡಿ, ಬೆಳಿಗ್ಗೆ ಬಿಸಿಲು ಬೀಳುವ ಮೊದಲು ಮತ್ತೆ ನೋಡಿ. ರಾತ್ರಿ ಬಿಸಿಲಿಲ್ಲ, ಹಾಗಾಗಿ ಒಂದು ಪಿಪಿಎಂಗಿಂತ ಜಾಸ್ತಿ ಇಳಿದಿದ್ದರೆ ಒಳಗೆ ಇನ್ನೂ ಜೀವ ಇದೆ ಅಂತ ಅರ್ಥ. ನಮಗೆ ಆರನೇ ರಾತ್ರಿ ಇಳಿಯದೆ ನಿಂತಿತು.

ಪಾಚಿ ಸತ್ತಿತ್ತು, ನೀರು ಮಾತ್ರ ಬಗ್ಗಡವೇ. ಈಗ ತೇಲುತ್ತಿರುವುದು ಸತ್ತ ಪಾಚಿಯ ಸಣ್ಣ ಕಣಗಳು. ಅವನ್ನು ಯಾವ ಕ್ಲೋರಿನ್ನೂ ಕರಗಿಸುವುದಿಲ್ಲ, ಹಿಡಿದು ಹೊರಗೆ ಹಾಕಬೇಕು. ಅದು ಫಿಲ್ಟರ್ ಕೆಲಸ. (ಬೋರ್‌ವೆಲ್ಲಿನ ಗಡಸು ನೀರಿರುವ ಕಡೆ ಬಗ್ಗಡಕ್ಕೆ ಸುಣ್ಣವೂ ಕಾರಣ ಇರಬಹುದು. ಒಂದು ಗಾಜಿನ ಲೋಟದಲ್ಲಿ ಪೂಲ್ ನೀರಿಗೆ ಒಂದೆರಡು ಹನಿ ಆಸಿಡ್ ಬಿಡಿ. ಆ ಲೋಟದಲ್ಲಿ ಕ್ಲೋರಿನ್ ಔಷಧಿ ಏನೂ ಇರಬಾರದು, ಬಯಲಿನಲ್ಲೇ ಮಾಡಿ. ಕೂಡಲೇ ತಿಳಿಯಾದರೆ ಅದು ಸುಣ್ಣ. ನಮ್ಮದು ಮೆದು ನೀರು, ಏನೂ ಬದಲಾಗಲಿಲ್ಲ.)

ನಮ್ಮ ಮೋಟರ್ ಗಂಟೆಗೆ ಸುಮಾರು 12 ಸಾವಿರ ಲೀಟರ್ ಎಳೆಯುತ್ತದೆ. ಆರು ಗಂಟೆಗೆ ಪೂಲಿನಷ್ಟು ನೀರು ಫಿಲ್ಟರ್ ದಾಟುತ್ತದೆ. ಹಾಗಂತ ಆರು ಗಂಟೆಗೆ ಎಲ್ಲ ನೀರೂ ಸೋಸಿ ಬಂತು ಅಂತ ಅಲ್ಲ. ಸೋಸಿದ ನೀರು ಸೋಸದ ನೀರಿನ ಜೊತೆಗೇ ಬೆರೆಯುತ್ತಿರುತ್ತದೆ. ಒಂದು ಸುತ್ತಿಗೆ ಸುಮಾರು 63 ಪರ್ಸೆಂಟ್ ನೀರು ಮಾತ್ರ ಫಿಲ್ಟರ್ ನೋಡಿರುತ್ತದೆ, ಎರಡು ಸುತ್ತಿಗೆ 86, ಮೂರು ಸುತ್ತಿಗೆ 95. ಅದಕ್ಕೇ ಈ ಹೊತ್ತಿನಲ್ಲಿ ಹಗಲೂ ರಾತ್ರಿ ಮೋಟರ್ ನಿಲ್ಲಿಸಬಾರದು.

ನಾನು ಒಂದು ತಪ್ಪು ಮಾಡಿದೆ. ಆತುರಕ್ಕೆ ಎರಡು ಗಂಟೆಗೊಮ್ಮೆ ಬ್ಯಾಕ್‌ವಾಶ್, ಅಂದರೆ ನೀರನ್ನು ಉಲ್ಟಾ ಹರಿಸಿ ಫಿಲ್ಟರ್ ತೊಳೆಯುವುದು, ಮಾಡುತ್ತಿದ್ದೆ. ಸ್ಯಾಂಡ್ ಫಿಲ್ಟರ್ ಸ್ವಲ್ಪ ಕೊಳೆಯಾಗಿದ್ದಾಗಲೇ ಚೆನ್ನಾಗಿ ಸೋಸುತ್ತದೆ. ಮರಳಿನ ಸಂದಿನಲ್ಲಿ ಕೂತ ಕೊಳೆಯೇ ಇನ್ನೂ ಸಣ್ಣ ಕಣಗಳನ್ನು ಹಿಡಿಯುತ್ತದೆ. ಮೀಟರಿನ ಪ್ರೆಶರ್ ಶುಚಿಯಾದ ಫಿಲ್ಟರಿನದಕ್ಕಿಂತ 8ರಿಂದ 10 ಪಿಎಸ್‌ಐ ಏರುವವರೆಗೆ ಕಾಯಬೇಕು. ನಮ್ಮದು 12ರಿಂದ 20ಕ್ಕೆ ಬಂದಾಗ.

ಹೀಗೆ ಕಾದು ಮಾಡಿದರೂ ನಾಲ್ಕು ದಿನ ಕಳೆದವು. ಮೇಲಿನ ಎರಡು ಮೆಟ್ಟಿಲು ಕಾಣುತ್ತಿತ್ತು, ಅಷ್ಟೇ. ಪ್ರೆಶರ್ ಕೂಡ ಏರುತ್ತಿರಲಿಲ್ಲ. ಅನುಮಾನ ಬಂದು ಎರಡು ಬಿಳಿ ಬಕೆಟ್ ತಂದೆ. ಒಂದಕ್ಕೆ ಫಿಲ್ಟರಿನಿಂದ ಬರುವ ನೀರು, ಇನ್ನೊಂದಕ್ಕೆ ಪೂಲ್ ನೀರು. ಪಕ್ಕ ಪಕ್ಕ ಇಟ್ಟು ನೋಡಿದರೆ ಎರಡೂ ಒಂದೇ. ಫಿಲ್ಟರ್ ಏನನ್ನೂ ಹಿಡಿಯುತ್ತಿರಲಿಲ್ಲ.

ಮೋಟರ್ ಆಫ್ ಮಾಡಿ, ಪ್ರೆಶರ್ ಇಳಿಸಿ ಮುಚ್ಚಳ ತೆಗೆದೆವು. ಮರಳು ಮುದ್ದೆ ಮುದ್ದೆಯಾಗಿತ್ತು. ಮುದ್ದೆಗಳ ನಡುವೆ ಬೆರಳು ತೂರುವಷ್ಟು ಬಿಲ. ನೀರು ಆ ಬಿಲದಲ್ಲೇ ನುಗ್ಗಿ ಸೋಸದೆ ವಾಪಸ್ ಬರುತ್ತಿತ್ತು. ಹಿಂದೆ ಪೂಲ್ ಕೆಲಸಕ್ಕೆ ಬರುತ್ತಿದ್ದವರು ಪಟಿಕ ಹಾಕಿ ಆ ನೀರನ್ನು ಫಿಲ್ಟರ್ ಮೂಲಕವೇ ಓಡಿಸಿದ್ದು ಹುಡುಗನಿಗೆ ನೆನಪಿತ್ತು. ಪಟಿಕದ ಲೋಳೆ ಮರಳಿಗೆ ಅಂಟಿ ಗಟ್ಟಿಯಾಗಿತ್ತು.

ಹಳೇ ಮರಳನ್ನೆಲ್ಲ ಮಗ್ಗಿನಲ್ಲಿ ಎತ್ತಿ ಹಾಕಿದೆವು. 24 ಇಂಚಿನ ಫಿಲ್ಟರಿಗೆ ಸುಮಾರು 140 ಕೆಜಿ ಸಿಲಿಕಾ ಮರಳು ಬೇಕಾಯಿತು. ಹೊಳೆ ಮರಳು ಇದಕ್ಕೆ ಆಗುವುದಿಲ್ಲ, ಅರ್ಧ ಮಿಲಿಮೀಟರಿನ ಆಸುಪಾಸಿನ ಒಂದೇ ಅಳತೆಯ ಕಾಳು ಬೇಕು. ಮರಳು ಸುರಿಯುವ ಮೊದಲು ಅರ್ಧ ಟ್ಯಾಂಕ್ ನೀರು ತುಂಬಿಸಿಕೊಂಡೆವು. ಇಲ್ಲದಿದ್ದರೆ ತಳದಲ್ಲಿರುವ ಪ್ಲಾಸ್ಟಿಕ್ ಕೊಳವೆಗಳು ಮರಳಿನ ಪೆಟ್ಟು ಬಿದ್ದು ಮುರಿಯುತ್ತವೆ. ಮತ್ತೆ ಎರಡು ಬಕೆಟ್ ಇಟ್ಟು ನೋಡಿದಾಗ ವ್ಯತ್ಯಾಸ ಎದ್ದು ಕಾಣುತ್ತಿತ್ತು. ನನಗೆ ಆಗ ಆದ ಸಮಾಧಾನ ಅಷ್ಟಿಷ್ಟಲ್ಲ.

ಅತಿಥಿಗಳು ಬರಲು ಐದೇ ದಿನ ಇತ್ತು. ಫಿಲ್ಟರ್ ಒಂದನ್ನೇ ನಂಬಿದರೂ ತಿಳಿಯಾಗುತ್ತಿತ್ತು, ಆದರೆ ಒಂದು ವಾರ ಬೇಕಿತ್ತು. ಹಾಗಾಗಿ ಪಟಿಕಕ್ಕೇ ಕೈ ಹಾಕಿದೆ. ನಮ್ಮ ಅತ್ತೆ ಮಳೆಗಾಲದಲ್ಲಿ ಕೆಂಪು ನೀರು ತುಂಬಿದ ಕೊಡದೊಳಗೆ ಪಟಿಕದ ತುಂಡು ಹಿಡಿದು ನಾಲ್ಕು ಸುತ್ತು ತಿರುಗಿಸಿ ಇಡುತ್ತಿದ್ದರು. ಬೆಳಿಗ್ಗೆಗೆ ಕೆಸರು ಅಡಿ ಸೇರಿ ನೀರು ತಿಳಿ. ಪೂಲಿನಲ್ಲಿ ಆಗುವುದೂ ಅದೇ. ಸಣ್ಣ ಕಣಗಳು ಒಂದಕ್ಕೊಂದು ಅಂಟಿ ಭಾರವಾಗಿ ಕೆಳಗೆ ಕೂರುತ್ತವೆ.

ಪಟಿಕ ಆಲ್ಕಲಿನಿಟಿಯನ್ನು ತಿನ್ನುತ್ತದೆ, ನಮ್ಮಲ್ಲಿ ಅದು ಮೊದಲೇ ಕಡಿಮೆ. ಹಾಗೇ ಹಾಕಿದ್ದರೆ ಪಿಎಚ್ ಕುಸಿಯುತ್ತಿತ್ತು. ಅದಕ್ಕೆ ಮೊದಲು ಅಡುಗೆ ಸೋಡಾ ನಾಲ್ಕೂಮುಕ್ಕಾಲು ಕೆಜಿ ಹಾಕಿ 40ನ್ನು 80ಕ್ಕೆ ತಂದೆ. ಮಾರನೇ ದಿನ ಸಂಜೆ ಮೂರು ಕೆಜಿ ಪಟಿಕದ ಪುಡಿಯನ್ನು ಬಕೆಟ್ಟುಗಳಲ್ಲಿ ಕರಗಿಸಿ ಪೂಲಿನ ಸುತ್ತ ಸುರಿದೆವು. ವಾಲ್ವ್ ರೀಸರ್ಕ್ಯುಲೇಟ್‌ನಲ್ಲಿ, ಫಿಲ್ಟರ್ ದಾಟದ ಹಾಗೆ. ಒಂದು ಗಂಟೆ ಓಡಿಸಿ ಮೋಟರ್ ಆಫ್. ರಾತ್ರಿಯಿಡೀ ಯಾರೂ ನೀರು ಮುಟ್ಟಲಿಲ್ಲ.

ಬೆಳಿಗ್ಗೆ ಆರಕ್ಕೆ ಹೋದರೆ ಮೇಲಿನ ನೀರು ಗಾಜಿನಂತಿತ್ತು. ತಳದಲ್ಲಿ ಬೂದು ಬಣ್ಣದ ಕಂಬಳಿ ಹಾಸಿದ ಹಾಗೆ ಗಸಿ. ಇದನ್ನು ಎತ್ತುವುದೇ ದೊಡ್ಡ ಕೆಲಸ. ವಾಲ್ವ್ ವೇಸ್ಟ್‌ಗೆ ಹಾಕಿ ನೇರ ಹೊರಗೆ ಹೋಗುವಂತೆ ಮಾಡಿ, ವ್ಯಾಕ್ಯೂಮ್ ತಲೆಯನ್ನು ಆಮೆಯಷ್ಟು ನಿಧಾನ ಎಳೆಯಬೇಕು. ಸ್ವಲ್ಪ ಜೋರು ಮಾಡಿದರೂ ಹೊಗೆಯ ಹಾಗೆ ಎದ್ದು ಬಿಡುತ್ತದೆ. ನಮಗೆ ಮೂರು ಗಂಟೆ ಹಿಡಿಯಿತು, ನೀರೂ ಸಾಕಷ್ಟು ಕಡಿಮೆಯಾಯಿತು. ಎದ್ದ ಗಸಿ ಮತ್ತೆ ಕೂರಲೆಂದು ಇನ್ನೊಂದು ರಾತ್ರಿ ಬಿಟ್ಟು ಎರಡನೇ ಸಲ ಎಳೆದೆವು. ಹೊರಬಿಟ್ಟ ನೀರನ್ನು ತೋಟದ ಅಂಚಿನ ಗುಂಡಿಯಲ್ಲಿ ನಿಲ್ಲಿಸಿದೆವು. ಕ್ಲೋರಿನ್ ನೀರು ಹಳ್ಳಕ್ಕೆ ಸೇರಿದರೆ ಮೀನು ಸಾಯುತ್ತವೆ.

ಆಮೇಲೆ ಹೊಸ ನೀರು ತುಂಬಿಸಿ, ಒಂದೂವರೆ ಕೆಜಿ ಸ್ಟೆಬಿಲೈಸರನ್ನು ಹಳೇ ಕಾಲುಚೀಲದಲ್ಲಿ ಕಟ್ಟಿ ನೀರು ಬರುವ ಬಾಯಿಗೆ ನೇತುಹಾಕಿದೆ. ಎಲ್ಲ ಮುಗಿದಾಗ ಪಿಎಚ್ 7.4. ಕ್ಲೋರಿನ್ 3ಕ್ಕೆ ಇಳಿಯುವವರೆಗೆ ಕಾದೆವು.

ಮೊದಲು ಬಂದ ಕುಟುಂಬ ಒಂದು ದಿನ ಮುಂಚೆಯೇ ಬಂದಿತ್ತು. ಎರಡನೇ ವ್ಯಾಕ್ಯೂಮ್ ಇನ್ನೂ ಆಗಿರಲಿಲ್ಲ. "ಸ್ವಲ್ಪ ಮಬ್ಬು ಅಷ್ಟೇ ಅಲ್ವಾ ಮೇಡಂ, ಮಕ್ಕಳು ಬದಿಯಲ್ಲೇ ಆಡ್ಕೋತಾರೆ" ಎಂದು ಮಕ್ಕಳ ತಂದೆ ಕೇಳಿದರು. ನಾನು ಒಪ್ಪಲಿಲ್ಲ. ಮಬ್ಬು ನೀರಿನಲ್ಲಿ ಮಗು ತಳಕ್ಕೆ ಹೋದರೆ ದಡದಲ್ಲಿ ನಿಂತವರಿಗೆ ಕಾಣುವುದಿಲ್ಲ. ಅವರನ್ನು ಆಳದ ಕಡೆ ಕರೆದುಕೊಂಡು ಹೋಗಿ ತೋರಿಸಿದೆ. ತಳದ ಡ್ರೈನಿನ ಜಾಲರಿ ಕಾಣುತ್ತಿರಲಿಲ್ಲ. ಅವರು ಸುಮ್ಮನೆ ಮಕ್ಕಳನ್ನು ಕರೆದುಕೊಂಡು ತೋಟ ನೋಡಲು ಹೊರಟರು.

ಮಾರನೇ ದಿನ ಹುಡುಗ ಆಳದ ಕಡೆಗೆ ಹತ್ತು ರೂಪಾಯಿಯ ನಾಣ್ಯ ಎಸೆದ. ದಡದಲ್ಲಿ ನಿಂತೇ, ಅದು ಯಾವ ಮುಖ ಮೇಲಾಗಿ ಬಿದ್ದಿದೆ ಎಂದು ಇಬ್ಬರೂ ಹೇಳಿದೆವು. ಆಮೇಲೆ ಮಕ್ಕಳನ್ನು ಕರೆದೆ.