ಮಗುವಿನ ಮೊದಲ ಕುಪ್ಯ: ಚಿತ್ರ ತೆಗೆಯುವ ಬಗೆ

ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಸೆಪ್ಟೆಂಬರ್ 3ಕ್ಕೆ. ಹಬ್ಬದ ದಿನ ಎಲ್ಲರ ಕೈಯಲ್ಲೂ ಮೊಬೈಲ್ ಇರುವುದರಿಂದ ಚಿತ್ರಗಳಿಗೆ ಬರವಿಲ್ಲ. ಆದರೆ ಅದಕ್ಕೂ ಮೊದಲು, ಹೊಲಿದು ಬಂದ ಪುಟ್ಟ ಕುಪ್ಯವನ್ನು, ಅಂದರೆ ಕೊಡವ ಗಂಡಸರ ಸಾಂಪ್ರದಾಯಿಕ ನಿಲುವಂಗಿಯನ್ನು, ಅಳತೆ ನೋಡಲು ಮಗುವಿಗೆ ತೊಡಿಸುವ ಒಂದು ಅರ್ಧ ಗಂಟೆ ಇರುತ್ತದೆ. ತೋಳಿನೊಳಗೆ ಕೈ ಸಿಕ್ಕಿಕೊಂಡು ಮಗು ಪೇಚಾಡುತ್ತದೆ, ಅಜ್ಜ ಮೊಣಕಾಲೂರಿ ಸೊಂಟಕ್ಕೆ ಚೇಲೆ ಎಂಬ ರೇಷ್ಮೆ ಪಟ್ಟಿಯನ್ನು ಸುತ್ತುತ್ತಾರೆ. ಅದನ್ನು ತೆಗೆಯುವವರು ಕಡಿಮೆ. ನನ್ನ ಮಟ್ಟಿಗೆ ಉಳಿಸಿಕೊಳ್ಳಲೇಬೇಕಾದದ್ದು ಅದೇ.

ಮೊದಲು ಜಾಗ ನೋಡಿ. ಮಳೆಗಾಲದ ಕೊಡಗಿನಲ್ಲಿ ಮೋಡವೇ ಬೆಳಕನ್ನು ಸೋಸಿ ಕೊಡುತ್ತದೆ, ಮುಖದ ಮೇಲೆ ಗಡುಸು ನೆರಳು ಬೀಳುವುದಿಲ್ಲ. ಐನ್‌ಮನೆ, ಅಂದರೆ ಕುಟುಂಬದ ಹಿರಿಯರ ಮೂಲಮನೆ ಆದರೆ ಅದರ ಜಗಲಿಯಾದ ಕೈಯಾಲೆಗಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಬೇರೆ ಮನೆಯಾದರೆ ದೊಡ್ಡ ಕಿಟಕಿಯೊಂದು ಸಾಕು. ಮಗುವಿನ ಮುಖ ಕಿಟಕಿಯತ್ತ ಓರೆಯಾಗಿರಲಿ, ಕಿಟಕಿಗೆ ಬೆನ್ನು ಮಾಡಿ ನಿಲ್ಲಿಸಬೇಡಿ. ಒಳಗಿನ ವಿದ್ಯುತ್ ದೀಪಗಳನ್ನು ಆರಿಸಿ. ಹಳದಿ ಬೆಳಕೂ ಹಗಲಿನ ಬೆಳಕೂ ಕಲೆತರೆ ಬಿಳಿ ಅಂಗಿಯ ಒಂದು ಬದಿ ಅರಿಸಿನ ಮೆತ್ತಿದಂತೆ ಕಾಣುತ್ತದೆ. ಫ್ಲ್ಯಾಶ್ ಬೇಡವೇ ಬೇಡ. ಚೇಲೆಯ ಜರಿ ಅದರ ಮುಂದೆ ಬರೀ ಬಿಳಿ ಚುಕ್ಕೆಗಳಾಗಿಬಿಡುತ್ತದೆ.

ಈ ಉಡುಪಿನಲ್ಲಿ ನಿಜವಾದ ತೊಡಕು ಬಣ್ಣದ್ದು. ಕುಪ್ಯ ಕಡುಗಪ್ಪು, ಅದರ ಗಿಡ್ಡ ತೋಳಿನಿಂದ ಹೊರಬರುವ ಅಂಗಿ ಅಚ್ಚ ಬಿಳಿ. ಕಪ್ಪು ಬಟ್ಟೆ ಚೌಕಟ್ಟನ್ನು ತುಂಬಿದಾಗ ಕ್ಯಾಮೆರಾ ಕತ್ತಲೆಯೆಂದು ಭಾವಿಸಿ ಬೆಳಕನ್ನು ಏರಿಸುತ್ತದೆ. ಆಗ ಕುಪ್ಯ ಬೂದಿಯಾಗುತ್ತದೆ, ಅಂಗಿಯ ತೋಳಿನ ಮಡಿಕೆಗಳು ಅಳಿಸಿಹೋಗುತ್ತವೆ, ಮಗುವಿನ ಕೆನ್ನೆ ಬಿಳಚಿಕೊಳ್ಳುತ್ತದೆ. ಮೊಬೈಲಿನಲ್ಲಿ ಮಗುವಿನ ಮುಖವನ್ನು ಬೆರಳಿನಿಂದ ಮುಟ್ಟಿ, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಕ್ಯಾಮೆರಾ ಆದರೆ ಎಕ್ಸ್‌ಪೋಷರನ್ನು ಅರ್ಧದಿಂದ ಒಂದು ಸ್ಟಾಪ್‌ನಷ್ಟು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ತಗ್ಗಿಸಿ. ಅಂಗಿಯ ತೋಳಿನಲ್ಲಿ ನೂಲಿನ ಗೆರೆ ಕಾಣುವಷ್ಟಕ್ಕೆ ನಿಲ್ಲಿಸಿ. ಕಪ್ಪನ್ನು ಆಮೇಲೆ ತುಸು ಬೆಳಗಿಸಬಹುದು, ಸುಟ್ಟುಹೋದ ಬಿಳಿಯನ್ನು ಯಾರೂ ಮರಳಿ ತರಲಾರರು.

ಇನ್ನು ನೀವು ನೆಲದ ಮೇಲೆ ಕುಳಿತುಕೊಳ್ಳಿ. ನಿಂತು ತೆಗೆದರೆ ತಲೆಯ ಪೇಟ ಮಂಡೆತುಣಿ ಮಾತ್ರ ದೊಡ್ಡದಾಗಿ, ಕಾಲು ಮೋಟಾಗಿ ಕಾಣುತ್ತವೆ. ಲೆನ್ಸ್ ಮಗುವಿನ ಎದೆಯ ಮಟ್ಟದಲ್ಲಿರಲಿ. ತೀರಾ ಹತ್ತಿರ ಹೋಗದೆ ಸುಮಾರು 2 ಮೀಟರ್ ದೂರದಿಂದ, ಮೊಬೈಲಿನ 2 ಪಟ್ಟು ಹತ್ತಿರ ತೋರಿಸುವ ಲೆನ್ಸಿನಿಂದ ತೆಗೆಯಿರಿ. ಮಗು ಸುಮ್ಮನೆ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಶಟರ್ ವೇಗ 1/250 ಸೆಕೆಂಡ್ ಇದ್ದರೆ ಅದರ ಕುಣಿತವೂ ಸ್ಪಷ್ಟವಾಗಿಯೇ ಸಿಗುತ್ತದೆ. ಬೆಳಕು ಸಾಲದಿದ್ದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯಾದ ಐಎಸ್‌ಒ ಏರಿಸಿ. ಚಿತ್ರ ಸ್ವಲ್ಪ ಕಾಳುಕಾಳಾದರೂ ಚಿಂತೆಯಿಲ್ಲ, ಮುಖ ಕದಲಿದರೆ ಎಲ್ಲವೂ ವ್ಯರ್ಥ.

ತೊಡಿಸುವ ಕ್ರಮದಲ್ಲೇ ತೆಗೆಯುತ್ತಾ ಹೋಗಿ: ಅಂಗಿಯ ಗುಂಡಿ, ಕುಪ್ಯದ ತೋಳು, ಸೊಂಟಕ್ಕೆ ಸುತ್ತುವ ಕೆಂಪು ಚೇಲೆ, ಕೊನೆಗೆ ತಲೆಗೆ ಮಂಡೆತುಣಿ. ಚೇಲೆ ಸುತ್ತುವಾಗ ಅಜ್ಜನ ಕೈಗಳಿಗಾಗಿಯೇ ಒಂದೆರಡು ಚಿತ್ರ ಮೀಸಲಿಡಿ. ಆ ಕೈಗಳ ಗಂಟು, ನರ, ಪಕ್ಕದಲ್ಲಿ ಮಗುವಿನ ನುಣುಪು ಬೆರಳು ಒಂದೇ ಚೌಕಟ್ಟಿನಲ್ಲಿ ಬಂದರೆ ನಿಮ್ಮ ಆ ದಿನದ ಕೆಲಸ ಮುಗಿದಂತೆ. “ನಗು, ನಗು” ಎಂದು ಪೀಡಿಸಬೇಡಿ. ಕನ್ನಡಿಯೊಂದನ್ನು ಎದುರಿಗಿಟ್ಟು ಸುಮ್ಮನಿರಿ.

ಈ ಉಡುಪಿನ ಜೊತೆ ಸೊಂಟಕ್ಕೆ ಸಿಕ್ಕಿಸುವ ಚಿಕ್ಕ ಕಠಾರಿ, ಪೀಚೆಕತ್ತಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಹರಿತವಾದದ್ದನ್ನು ಮಗುವಿನ ಸೊಂಟಕ್ಕೆ ಸಿಕ್ಕಿಸಲೇಬೇಡಿ, ಅಲಗು ಮೊಂಡಾದದ್ದೇ ಇರಲಿ. ಬೆಳ್ಳಿಯ ಒರೆ ಬೆಳಕಿಗೆ ಕೋರೈಸಿದರೆ ಮಗುವನ್ನು ತುಸು ತಿರುಗಿಸಿ, ಕೆತ್ತನೆ ತಾನಾಗಿ ಕಾಣುತ್ತದೆ.

ಹೆಣ್ಣುಮಗುವಿಗೆ ಕೊಡವ ಸೀರೆ ಉಡಿಸುತ್ತಿದ್ದರೆ ಮುಂದಿನಿಂದ ಮಾತ್ರ ತೆಗೆದು ಬಿಡಬೇಡಿ. ಈ ಸೀರೆಯ ನಿರಿಗೆ ಇರುವುದು ಬೆನ್ನ ಕಡೆ. ಬಲ ಹೆಗಲ ಮೇಲೆ ಸೆರಗನ್ನು ಸಿಕ್ಕಿಸುವಾಗ ಅವ್ವನ ಮುಖವೂ ಸಿಗುತ್ತದೆ.

ಬಟ್ಟೆ ಬದಲಿಸುವ ಚಿತ್ರಗಳು ಮನೆಯೊಳಗೇ ಉಳಿಯಲಿ. ವಾಟ್ಸ್‌ಆ್ಯಪ್ ಗುಂಪುಗಳಿಗೆ ಪೂರ್ತಿ ಉಡುಪಿನ ಒಂದೆರಡು ಸಾಕು.

ಕೊನೆಗೆ ನಾಲ್ಕೈದನ್ನು ಆರಿಸಿ ಮುದ್ರಿಸಿ. ವರ್ಷ, ಮಗುವಿನ ವಯಸ್ಸು, ಚೇಲೆ ಸುತ್ತಿದವರ ಹೆಸರನ್ನು ಆಲ್ಬಮ್ಮಿನ ಹಾಳೆಯ ಮೇಲೆ ಬರೆಯಿರಿ, ಚಿತ್ರದ ಬೆನ್ನಿಗೆ ಬೇಡ. ಪೆನ್ನಿನ ಒತ್ತು ಮುಂದೆ ಮಗುವಿನ ಮುಖದ ಮೇಲೆ ಮೂಡುತ್ತದೆ.